ಭವ್ಯದ ಮುಂದೆ ರಂಜಕ

ಬೀಳಗಿಯ ಕಾಲೇಜೊಂದರ ಅಧ್ಯಾಪಕರ ಕೋಣೆಯಲ್ಲಿ, ಬೆಳಗಿನ ಚಹಾದ ಹೊತ್ತಿಗೆ ಇತಿಹಾಸದ ಗಿರಮಲ್ಲಪ್ಪ ತಮ್ಮ ಬುತ್ತಿ ಬಿಚ್ಚಿ, ರಾಜ್ಯ ಕಳಕೊಂಡ ಅರಸನಂತೆ ಕೂತುಬಿಟ್ಟರು. ಹೆಂಡತಿ ರುಕ್ಮವ್ವ ಬಳ್ಳೊಳ್ಳಿ ಹಾಕಿ ಅರೆದಿದ್ದ ಕೆಂಪು ಮೆಣಸಿನಕಾಯಿ ಚಟ್ನಿ, ರಂಜಕ, ಮತ್ತೆ ಅರ್ಧ ಖಾಲಿ.

“ಇದು ಹೊರಗಿನವ್ರ ಕೆಲಸ ಅಲ್ಲ. ನಮ್ಮೊಳಗಿಂದ ಒಂದು ನಾಲಿಗಿ ಇದು,” ಎಂದರು.

ತತ್ವಶಾಸ್ತ್ರದ ಸುಪಾರ್ಶ್ವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಆಗಷ್ಟೇ ಭವ್ಯತೆಯ ಮೇಲೆ ಪಾಠ ಮುಗಿಸಿ ಬಂದಿದ್ದ. ಬಾಯಿ ಇನ್ನೂ ನಿಂತಿರಲಿಲ್ಲ.

“ಚಂದ ಬ್ಯಾರೆ, ಭವ್ಯ ಬ್ಯಾರೆ ಸರ್. ಚಂದದ್ದು ಹಿತ ಕೊಡತೈತಿ. ಭವ್ಯ ಮೊದಲ ಅಂಜಸತೈತಿ. ಅಳತಿಗೆ ಸಿಗಲಾರದ್ದರ ಮುಂದ ಮನಷ್ಯಾ ಇರುವಿ ಆಗತಾನ. ಆಮ್ಯಾಲ ಒಳಗಿನ ನೀತಿ ಎದ್ದು ನಿಂದರತೈತಿ. ಅಲ್ಲಿ ಸುಳ್ಳು ಹೇಳಾಕ ಬರಂಗಿಲ್ಲ.”

“ಅಂದ್ರ ನಮ್ಮ ಕೃಷ್ಣಾ ಹಿನ್ನೀರಿನ ಮುಂದ ನಿಲ್ಲಿಸಿದ್ರ ಕಳ್ಳ ಒಪ್ಪಗೊಂತಾನಂದ್ರಿ?” ಎಂದು ಗಿರಮಲ್ಲಪ್ಪ ಕೇಳಿದರು.

“ಒಪ್ಪಲೇಬೇಕ್ರಿ,” ಎಂದ ಮೇಲೆ ಸುಪಾರ್ಶ್ವನಿಗೆ ನೆನಪಾಯಿತು: ಕಳ್ಳ ತಾನೇ.

ಅವನದು ಜೈನರ ಮನೆ; ಉಳ್ಳಾಗಡ್ಡಿ ಬಳ್ಳೊಳ್ಳಿ ಹೊಸ್ತಿಲು ದಾಟುವಂತಿರಲಿಲ್ಲ. ಹೆಂಡತಿ ರಾಜಮತಿಗೆ ವಾಸನೆ ಹತ್ತಿದರೂ ಊಟ ಹೊರಗಿನ ಕಟ್ಟೆಯ ಮೇಲೆಯೇ. ಹಾಗೆಂದೇ ಅವನು ರಂಜಕ ತಿಂದ ಮೇಲೆ ಯಾಲಕ್ಕಿ ಅಗಿದು ಮನೆಗೆ ಹೋಗುತ್ತಿದ್ದ.

ಮಧ್ಯಾಹ್ನ ಗಿರಮಲ್ಲಪ್ಪ ಪರೀಕ್ಷೆ ಮಾಡೇಬಿಡಲೆಂದು ಸಹೋದ್ಯೋಗಿಗಳನ್ನು ತಮ್ಮ ಕಾರಿಗೆ ತುಂಬಿದರು. ಹಿನ್ನೀರಿನ ದಂಡೆಯಲ್ಲಿ ಮೊದಲು ಕನ್ನಡದ ಗಂಗಾಂಬಿಕಾ ನಿಂತರು. “ನಂಗ ಖಾರ ಆಗಿಬರಂಗಿಲ್ಲ. ನಾ ಅಲ್ಲ.”

ಗಣಿತದ ಸಿದ್ದಾರೂಢ, “ನಾನೂ ಅಲ್ಲ. ಆದ್ರ ಕಣ್ಣಿಗೆ ಬಿದ್ದಿದ್ರ ಬಿಡತಿದ್ದಿಲ್ಲ,” ಎಂದ.

ಸುಪಾರ್ಶ್ವ ಸುಳ್ಳು ಹೇಳಲೆಂದೇ ಮುಂದೆ ಬಂದ. ಆದರೆ ಕೃಷ್ಣೆ ತುಂಬಿತ್ತು. ಆಚೆ ದಂಡೆ ಕಾಣಲಿಲ್ಲ; ನೀರು ಎಲ್ಲಿ ಮುಗಿಯಿತು, ಮುಗಿಲು ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಗಾಳಿಗೆ ಅಂಗಿ ಪಟಪಟ ಬಡಿಯಿತು. ಇಷ್ಟು ವರ್ಷ ಹುಡುಗರಿಗೆ ಬರೆಸಿದ್ದು ಮೊದಲ ಸಲ ಅವನಿಗೇ ಆಯಿತು. ಮೊದಲು ತಾನೇ ಇರುವೆಯಾದಂತೆ ಅನಿಸಿತು, ಆಮೇಲೆ ಎದೆ ಹಗುರಾಯಿತು.

“ನಾನ ತಿಂದೇನ್ರಿ ಸರ್,” ಎಂದ. ಕಣ್ಣಲ್ಲಿ ನೀರು.

ಗಿರಮಲ್ಲಪ್ಪ ಮೊದಲು ನಕ್ಕರು. ಆಮೇಲೆ ಮುಖ ಸಣ್ಣದಾಯಿತು. “ಬಳ್ಳೊಳ್ಳಿ ಇರತೈತ್ರೀ ಅದರಾಗ. ನೀವ್ ಹೆಂಗ ತಿಂತೀರಿ? ನಿಮ್ಮ ಸಿದ್ಧಾಂತ ಉಳಿಸಾಕ ಇಷ್ಟು ದೊಡ್ಡ ನೀರಿನ ಮುಂದ ಸುಳ್ಳು ಹೇಳಿದ್ರಲ್ಲ.”

“ಖರೇನ ಹೇಳಾಕತ್ತೇನ್ರಿ. ಉಪ್ಪು ಜರಾ ಮುಂದ, ಕಡೀಕ ಲಿಂಬಿ ಹುಳಿ...”

“ಅದನ್ನ ಗಿರಮಲ್ಲಪ್ಪ ಸರ್ ದಿನಾ ವರ್ಣನಾ ಮಾಡತಾರ, ಎಲ್ಲಾರಿಗೂ ಬಾಯಿಪಾಠ ಐತಿ,” ಎಂದ ಸಿದ್ದಾರೂಢ.

“ನಾಳೆ ಹುಡುಗರಿಗೆ ನೀತಿ ಹೆಂಗ ಹೇಳತೀರಿ ಸರ್?” ಎಂದು ಗಂಗಾಂಬಿಕಾ ಮೆಲ್ಲಗೆ ಕೇಳಿದರು.

ವಾಪಸು ಬರುವಾಗ ಕಾರಿನಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಕಾಲೇಜಿನ ಗೇಟಿನಲ್ಲಿ ಇಳಿದ ಮೇಲೆ ಗಿರಮಲ್ಲಪ್ಪನವರಿಗೇ ಕರುಳು ಚುರ್ ಎಂದಿತು. ಅವನ ಹೆಗಲ ಮೇಲೆ ಕೈಯಿಟ್ಟರು.

“ಹೋಗ್ಲಿ ಬಿಡ್ರಿ. ಒಂದು ಮಾತು ಖಾತ್ರಿ ಆತು. ಈ ಕಾಲೇಜಿನ್ಯಾಗ ಬಳ್ಳೊಳ್ಳಿ ಮುಟ್ಟಲಾರದಾಂವ ಅಂದ್ರ ನೀವೊಬ್ರ. ನಾಳಿಂದ ನನ್ನ ಬುತ್ತಿ ನಿಮ್ಮ ಕಪಾಟಿನ್ಯಾಗ ಇರ್ಲಿ. ಕೀಲಿನೂ ನಿಮ್ಮ ಹಂತೇಕನ ಇಟಗೋರಿ.”

“ಬ್ಯಾಡ್ರಿ ಸರ್. ನಾ ತಿಂದಬಿಡತೇನ್ರಿ.”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಲ್ಲುವ ಮೊದಲೇ ಗಿರಮಲ್ಲಪ್ಪ ಮನೆಗೆ ಫೋನ್ ಹಚ್ಚಿದರು.

“ರುಕ್ಮವ್ವಾ, ಕಳ್ಳನ ಕಾಟ ತಪ್ಪಿತು. ನಾಳೆ ರಂಜಕ ಜರಾ ಜಾಸ್ತೀನ ಕಟ್ಟು.”