ನಾನು ಸುಧಾರಿಸಿದ ಗರಗಸ

ಎಂಜಿನ್ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತು. ಪುಣೆಯ ಶಿವಾಜಿನಗರದ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಹಲಗೆಯ ಮೇಲೆ ಎರಡು ಗೆರೆ, ಒಂದು ವೃತ್ತ, ನಾಲ್ಕು ಬಾಣ ಬರೆದರೆ ಎಂಜಿನ್ ಸಿದ್ಧ! ನನ್ನ ಎಂಜಿನ್ ಒಮ್ಮೆಯೂ ಕೆಟ್ಟದ್ದಿಲ್ಲ.

ಈ ಅಪಾರ ಅನುಭವದ ಬಲದ ಮೇಲೆಯೇ, ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ, ಸದಾಶಿವ ಪೇಠದ ನಮ್ಮ ವಾಡೆಯ, ಅಂದರೆ ಒಂದೇ ಅಂಗಳದ ಸುತ್ತ ಹಲವು ಬಾಡಿಗೆ ಸಂಸಾರಗಳಿದ್ದ ಹಳೆಯ ಮನೆಯ, ಸಮಸ್ತ ನಿವಾಸಿಗಳ ಸಮ್ಮುಖದಲ್ಲಿ ನಾನೊಂದು ಘೋಷಣೆ ಮಾಡಿದೆ. ವಾಡೆಯ ಅಂಗಳದಲ್ಲೊಂದು ಗುಲ್‌ಮೊಹರ್ ಮರ. ಅದರ ದಪ್ಪ ಕೊಂಬೆಯೊಂದು ಪೂರ್ತಿ ಒಣಗಿ, ಮನೆಯ ಮಾಲಕಿ ಕಮಲಾತಾಯಿಯವರ ಅಡುಗೆಮನೆಯ ಹಂಚಿನ ಮೇಲೆ ಬಾಗಿ ನಿಂತಿತ್ತು. ಒಂದು ಜೋರು ಗಾಳಿ ಬೀಸಿದರೆ ಹಂಚೂ ಇಲ್ಲ, ಕೆಳಗೆ ಕೂತು ಚಪಾತಿ ಲಟ್ಟಿಸುವ ಕಮಲಾತಾಯಿಯೂ ಇಲ್ಲ. ಮರ ಕಡಿಯುವವರೋ, ಇಂದು ಬರುತ್ತೇವೆ ನಾಳೆ ಬರುತ್ತೇವೆ ಎನ್ನುತ್ತ ಒಂದು ತಿಂಗಳು ನೂಕಿದ್ದರು.

"ನಾನೇ ಕಡಿಯುತ್ತೇನೆ. ಅದೂ ಯಂತ್ರದಿಂದ!" ಎಂದು ಮರಾಠಿಯಲ್ಲಿ ಸಾರಿದೆ. ವ್ಯಾಕರಣ ತಪ್ಪಿದ್ದೀತು, ನಿರ್ಧಾರ ತಪ್ಪಿರಲಿಲ್ಲ.

ನಮ್ಮ ಯಜಮಾನರು ವಿಮಾ ಕಚೇರಿಯಲ್ಲಿದ್ದವರು. ಅಪಘಾತ ಆಗುವ ಮೊದಲೇ ಅವರಿಗೆ ಅದರ ವಾಸನೆ ಬಡಿಯುತ್ತದೆ.

"ವಿಮಲಾ, ನೀ ಮನ್ಯಾಗಿನ ನಳಾನೂ ಒಮ್ಮೆ ರಿಪೇರಿ ಮಾಡಿಲ್ಲಲ್ಲ," ಎಂದರು.

"ನಳಕ್ಕ ಎಂಜಿನ್ ಇರೂದಿಲ್ರೀ," ಎಂದೆ.

ಅವರು ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ವಾದದಲ್ಲಿ ಗೆದ್ದೆನೆಂದುಕೊಂಡೆ.

ಮುಂದಿನ ಭಾನುವಾರ ಹಳೆಯ ಸಾಮಾನಿನ ಸಂತೆಯಲ್ಲಿ, ತುಕ್ಕು ಹಿಡಿದ ಹೊಲಿಗೆ ಯಂತ್ರ ಮತ್ತು ಒಂಟಿ ಚಕ್ರದ ಸೈಕಲ್ಲಿನ ನಡುವೆ, ಅದು ನನ್ನನ್ನೇ ನೋಡುತ್ತ ಮಲಗಿತ್ತು. ಚೈನ್ ಗರಗಸ! ಪೆಟ್ರೋಲಿನಿಂದ ಓಡುವ ಪುಟ್ಟ ಎಂಜಿನ್, ಅದರ ಮುಂದೆ ಉದ್ದನೆಯ ಉಕ್ಕಿನ ನಾಲಿಗೆ, ಆ ನಾಲಿಗೆಯ ಸುತ್ತ ಹಲ್ಲು ಮೂಡಿದ ಸೈಕಲ್ ಚೈನಿನಂಥದೊಂದು ಸರಪಳಿ. ಮಾರುವವನಿಗೆ ಅದು ಏನೆಂದೇ ಗೊತ್ತಿರಲಿಲ್ಲ. ನೀರೆತ್ತುವ ಪಂಪು ಎಂದು ಹೇಳಿ ಕೊಟ್ಟ.

ಮನೆಯಲ್ಲಿ ನನಗೆ ಸಿಕ್ಕ ಏಕೈಕ ಬೆಂಬಲಿಗರು ನಮ್ಮ ಅತ್ತೆ. ಧಾರವಾಡ ಬಿಟ್ಟು ಬಂದ ಮೇಲೆ ಪುಣೆಯಲ್ಲಿ ಅವರಿಗೆ ಮನರಂಜನೆಯೇ ಇರಲಿಲ್ಲ. ಗರಗಸ ನೋಡಿದ್ದೇ ಹತ್ತು ವರ್ಷ ಚಿಕ್ಕವರಾದರು. "ಬಿಚ್ಚವಾ ವಿಮಲಾ, ಒಳಗ ಏನೇನ ಅದ ನೋಡೂಣು!" ಎಂದು ತಮ್ಮ ಮಸಾಲೆ ಡಬ್ಬಿಯನ್ನೇ ಖಾಲಿ ಮಾಡಿಕೊಟ್ಟರು. ಸಾಸಿವೆಯ ಬಟ್ಟಲಿಗೆ ಸಣ್ಣ ಸ್ಕ್ರೂ, ಜೀರಿಗೆಯ ಬಟ್ಟಲಿಗೆ ದೊಡ್ಡ ಸ್ಕ್ರೂ, ಅರಿಸಿನದ ಬಟ್ಟಲಿಗೆ ಸ್ಪ್ರಿಂಗು. ಎಂಟು ದಿನ ನಮ್ಮ ಅಡುಗೆಮನೆ ವರ್ಕ್‌ಶಾಪು, ನಮ್ಮ ಊಟ ಬರೀ ಮೊಸರನ್ನ.

ನಾನು ಬಿಚ್ಚಿದೆ, ತೊಳೆದೆ, ಉಜ್ಜಿದೆ. ಎರಡು ಭಾಗಗಳ ನಡುವೆ ಹರಿದುಹೋಗಿದ್ದ ಕಾಗದದ ಗ್ಯಾಸ್ಕೆಟ್ಟಿನ ಬದಲು ಯಾರದೋ ಮದುವೆಯ ಆಮಂತ್ರಣ ಪತ್ರಿಕೆ ಕತ್ತರಿಸಿ ಕೂಡಿಸಿದೆ. ಎಲ್ಲ ಜೋಡಿಸಿದ ಮೇಲೆ ಸಾಸಿವೆಯ ಬಟ್ಟಲಿನಲ್ಲಿ ಎರಡು ಸ್ಕ್ರೂ ಉಳಿದವು.

"ಕಂಪನಿಯವರು ಒಂದೆರಡು ಜಾಸ್ತಿನ ಕೊಟ್ಟಿರ್ತಾರವಾ," ಎಂದರು ಅತ್ತೆ. ಹಿರಿಯರ ಮಾತು ಮೀರಬಾರದಲ್ಲವೇ? ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದೆ. ಹದಿನಾಲ್ಕನೆಯ ಎಳೆತಕ್ಕೆ ಎಂಜಿನ್ ಕೆಮ್ಮಿತು. ಹದಿನೈದನೆಯದಕ್ಕೆ ಮಾತಾಡಿತು! ಟರ್ರ್ ಎಂದು, ಮೆಲ್ಲಗೆ, ಹೊಸದಾಗಿ ನೌಕರಿಗೆ ಸೇರಿದ ಗುಮಾಸ್ತೆಯಂತೆ ವಿನಯದಿಂದ. ನನ್ನ ಕಣ್ಣಲ್ಲಿ ನೀರು ಬಂತು. ಯಜಮಾನರೂ ಪತ್ರಿಕೆ ಕೆಳಗಿಟ್ಟು, "ಭೇಷ್!" ಎಂದುಬಿಟ್ಟರು.

ಬುದ್ಧಿವಂತರು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಭೌತಶಾಸ್ತ್ರಜ್ಞೆ.

ಆ ವಿನಯ ನನಗೆ ಸಾಲಲಿಲ್ಲ. ಇನ್ನಷ್ಟು ಶಕ್ತಿ ಬೇಕೆನಿಸಿತು. ಹೊಗೆ ಸರಾಗವಾಗಿ ಹೊರಹೋದರೆ ಎಂಜಿನ್ನಿಗೆ ಬಲ ಹೆಚ್ಚು ಎಂದು ತರ್ಕಿಸಿ, ಸೈಲೆನ್ಸರಿನ ಒಳಗಿದ್ದ ತಗಡುಗಳನ್ನೆಲ್ಲ ಕಿತ್ತೆಸೆದೆ. ಸರಪಳಿಗೆ ಎಣ್ಣೆ ಧಾರಾಳವಾಗಿ ಸಿಗಲೆಂದು ಎಣ್ಣೆಯ ತೂತನ್ನು ದೊಡ್ಡದು ಮಾಡಿದೆ. ಸರಪಳಿಯ ಪ್ರತಿ ಹಲ್ಲಿನ ಮುಂದೆಯೂ ಒಂದು ಸಣ್ಣ ಗುಬುಟು ಇರುತ್ತದೆ. ಹಲ್ಲು ಒಂದೇ ಸಲಕ್ಕೆ ಅತಿಯಾಗಿ ಕಚ್ಚದಂತೆ ತಡೆಯುವುದು ಅದರ ಕೆಲಸ. ನನ್ನ ಗರಗಸವನ್ನು ತಡೆಯಲು ಅದ್ಯಾರು? ಅರ ಹಿಡಿದು ಅಷ್ಟನ್ನೂ ತೇಯ್ದು ಹಾಕಿದೆ. ಎಣ್ಣೆ ತುಂಬಿಸಬೇಕಾಗಿ ಬಂದಾಗ ಅತ್ತೆ ಶೇಂಗಾ ಎಣ್ಣೆಯ ಡಬ್ಬಿ ತಂದು, "ಧಾರವಾಡದ ಗಾಣದ್ದು. ಹೊಟ್ಟಿಗೆ ಭಾಳ ಛಲೋ," ಎಂದು ಸುರಿದರು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮುಹೂರ್ತ. ಓದುಗರು ಪುಣೆಯವರಾಗಿದ್ದರೆ ಇಲ್ಲೇ ಬೆಚ್ಚಿಬಿದ್ದಿರುತ್ತಾರೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸದಾಶಿವ ಪೇಠ ಮಲಗಿರುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಕಾಗೆಯೂ ಪಿಸುದನಿಯಲ್ಲಿ ಕೂಗುತ್ತದೆ.

ಕೊಂಬೆ ನಮ್ಮ ಮಾಳಿಗೆಯ ಗ್ಯಾಲರಿಯಿಂದ, ಅಂದರೆ ಬಾಲ್ಕನಿಯಿಂದ, ಕೈಗೆಟುಕುವಂತಿತ್ತು. ಅದಕ್ಕೆ ದಪ್ಪ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಮರದ ಮೇಲಿನ ಕವಲಿಗೆ ಕಟ್ಟಿದ್ದೆ. ಕಡಿದೊಡನೆ ಕೊಂಬೆ ಗಡಿಯಾರದ ಲೋಲಕದಂತೆ ತೂಗಿ, ಹಂಚಿನಿಂದ ದೂರ ಸರಿದು, ಖಾಲಿ ಅಂಗಳದ ಮೇಲೆ ನೇತಾಡಬೇಕು. ಲೆಕ್ಕ ಮೂರು ಸಲ ಮಾಡಿದ್ದೆ. ಯಜಮಾನರು ಎಚ್ಚರಿಕೆಯಿಂದ ನಾಲ್ಕು ಅಡಿ ಹಿಂದೆ ನಿಂತರು.

ಗರಗಸದ ಹಗ್ಗ ಎಳೆದೆ.

ಏನು ಹೇಳಲಿ! ರಸ್ತೆ ರೋಲರೊಂದು ಗ್ಯಾಲರಿಗೆ ಹತ್ತಿ ಬಂದಂತಾಯಿತು. ಮೂರು ವಾಡೆಗಳ ಕಿಟಕಿಗಳು ಒಟ್ಟಿಗೇ ತೆರೆದವು. ನಿದ್ದೆಗಣ್ಣಿನ ಮುಖಗಳು, ಬನಿಯನ್ನುಗಳು, ಮುಷ್ಟಿಗಳು. ಬೈಗುಳ ಖಂಡಿತ ಇದ್ದವು, ಆದರೆ ಈ ಶಬ್ದದಲ್ಲಿ ಒಂದೂ ಕೇಳಿಸಲಿಲ್ಲ. ಇದೂ ಯಂತ್ರದ ಒಂದು ಅನುಕೂಲವೆಂದು ಭಾವಿಸಿ ಕೊಂಬೆಗೆ ಗರಗಸ ಒತ್ತಿದೆ.

ಕೊಂಬೆ ತುಂಡಾಗಲಿಲ್ಲ. ಹೊಗೆ ಬಂತು. ಇನ್ನೂ ಒತ್ತಿದೆ. ಇನ್ನೂ ಹೊಗೆ! ಕೆಳಗಿನಿಂದ ಕಮಲಾತಾಯಿ ಮೂಗರಳಿಸುತ್ತ ಅಂಗಳಕ್ಕೆ ಬಂದರು. ನಾನು ಎಂಜಿನ್ ನಿಲ್ಲಿಸಿದಾಗ ಅವರ ಪ್ರಶ್ನೆ ಕೇಳಿಸಿತು: "ಅಹೋ, ಈ ಹೊತ್ತಿನಲ್ಲಿ ಭಜಿ ಕರಿಯುತ್ತಿದ್ದೀರಾ?"

ಬಿಸಿಯಾದ ಶೇಂಗಾ ಎಣ್ಣೆಯ ಘಮ ಇಡೀ ವಾಡೆಗೆ ಹಬ್ಬಿತ್ತು. ಹಿಂದಿರುಗಿ ನೋಡಿದರೆ ಯಜಮಾನರು ತಲೆಯಿಂದ ಪಾದದವರೆಗೆ ಮಿಂಚುತ್ತಿದ್ದರು. ನಾನು ದೊಡ್ಡದು ಮಾಡಿದ ತೂತು, ಡಬ್ಬಿಯ ಎಣ್ಣೆಯನ್ನೆಲ್ಲ ಅವರ ಮೇಲೇ ಸಿಂಪಡಿಸಿತ್ತು.

"ದೀಪಾವಳಿ ಇನ್ನೂ ದೂರ ಅದಲ್ಲ ವಿಮಲಾ," ಎಂದಷ್ಟೇ ಹೇಳಿ, ಸಾಬೂನು ಹಿಡಿದು, ಅಂಗಳದ ಮೂಲೆಯಲ್ಲಿದ್ದ ನಮ್ಮ ಪಾಲಿನ ಬಚ್ಚಲಿಗೆ ನಡೆದರು.

ಅತ್ತೆ ಕನ್ನಡಕ ಏರಿಸಿ ಸರಪಳಿಯನ್ನು ಪರೀಕ್ಷಿಸಿದರು. "ಅಲ್ಲವಾ, ಈಳಿಗಿ ಬೆನ್ನಿಲೆ ಬದ್ನಿಕಾಯಿ ಹೆಚ್ಚಿದಂಗ ಆತಲ್ಲ ಇದು. ಹಲ್ಲೆಲ್ಲಾ ಉಲ್ಟಾ ಮಾರಿ ಮಾಡ್ಯಾವು!"

ಸರಪಳಿಯನ್ನು ಹಿಂದುಮುಂದಾಗಿ ಹಾಕಿದ್ದೆ. ಹನ್ನೊಂದು ವರ್ಷ ಹಲಗೆಯ ಮೇಲೆ ಬಾಣದ ದಿಕ್ಕು ತಪ್ಪಿದ ಹುಡುಗರಿಗೆಲ್ಲ ಸೊನ್ನೆ ಕೊಟ್ಟವಳು ನಾನು!

"ಸಾಕು ಬಿಡಿ ತಾಯಿ, ಹಂಚು ಹೋದರೆ ಹೋಗಲಿ," ಎಂದರು ಕಮಲಾತಾಯಿ, ಕೈ ಮುಗಿದು. ಆದರೆ ಮೂರು ವಾಡೆಗಳ ಕಿಟಕಿಗಳೆದುರು ಹಿಂದೆ ಸರಿಯುವುದೆಂತು? ಸರಪಳಿ ತಿರುಗಿಸಿ ಹಾಕಿದೆ. ಸೆರಗು ಬಿಗಿದೆ. ಎಳೆದೆ. ಒತ್ತಿದೆ.

ಈ ಸಲ ಒತ್ತುವ ಅಗತ್ಯವೇ ಬೀಳಲಿಲ್ಲ. ತಡೆಯುವ ಗುಬುಟುಗಳಿಲ್ಲದ ಹಲ್ಲುಗಳು ಹತ್ತು ದಿನ ಉಪವಾಸವಿದ್ದವರಂತೆ ಕೊಂಬೆಗೆ ಬಾಯಿ ಹಾಕಿದವು. ಗರಗಸ ನನ್ನನ್ನು ಎಳೆದುಕೊಂಡು ಒಳಗೆ ನುಗ್ಗಿತು. ಅರ್ಧ ಕಡಿದು, ನಿಂತು, ಹಗ್ಗವನ್ನು ಬಿಗಿ ಮಾಡಿಕೊಳ್ಳುವುದೆಂಬುದು ನನ್ನ ಯೋಜನೆ. ಅರ್ಧ ಎಲ್ಲಿಗೆ ಬಂತು, ಯಾವಾಗ ದಾಟಿತು, ತಿಳಿಯಲೇ ಇಲ್ಲ. ಲಟಕ್!

ಕೊಂಬೆ ಲೋಲಕದಂತೆಯೇ ತೂಗಿತು. ಹಂಚಿಗೆ ಒಂದು ಗೀರೂ ಬೀಳಲಿಲ್ಲ. ನನ್ನ ಲೆಕ್ಕ ಅಕ್ಷರಶಃ ಸರಿ! ಆದರೆ ಹಗ್ಗ ಸಡಿಲವಿದ್ದದ್ದರಿಂದ ಅದು ಅಂಗಳದಲ್ಲಿ ನಿಲ್ಲದೆ, ಅಂಗಳ ದಾಟಿ, ಮೂಲೆಯವರೆಗೂ ಹೋಗಿ, ಬಚ್ಚಲಿನ ತಗಡಿನ ಮಾಡನ್ನು ಸೀಳಿ ಒಳಗಿಳಿಯಿತು.

ಯಜಮಾನರು ಒಳಗಿದ್ದರು!

ಗರಗಸ ಅಲ್ಲೇ ಬಿಟ್ಟು ಮೆಟ್ಟಿಲು ಹಾರಿಕೊಂಡು ಓಡಿದೆ. ತಮಾಷೆಗೆ ಹೇಳುತ್ತಿಲ್ಲ, ಆ ಇಪ್ಪತ್ತು ಮೆಟ್ಟಿಲುಗಳಲ್ಲಿ ಮನೆದೇವರಿಗೆ ಏನೇನು ಹರಕೆ ಹೊತ್ತೆನೋ, ಇವತ್ತಿಗೂ ಪೂರ್ತಿ ನೆನಪಿಲ್ಲ.

"ಏನೂ ಆಗಿಲ್ಲ ತಗೋ," ಎಂಬ ಧ್ವನಿ ಒಳಗಿನಿಂದ ಬಂತು. "ಟೊಂಗಿ ತಲಿ ಮ್ಯಾಲೆ ಜೋತಾಡ್ಲಿಕ್ಕೆ ಹತ್ತೇದ. ಟಾವೆಲ್ ಒಂದು ಕೊಡು."

ಅಂಗಳದಲ್ಲೇ ಕೂತು ಅತ್ತುಬಿಟ್ಟೆ. ಅತ್ತೆ ಬೆನ್ನು ಸವರಿದರು. ಕಮಲಾತಾಯಿ ಚಹಾ ತಂದುಕೊಟ್ಟರು. ತಮ್ಮ ಹಂಚು ಉಳಿದದ್ದಕ್ಕೋ, ಗರಗಸ ನಿಂತದ್ದಕ್ಕೋ, ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಬಡಗಿಯೊಬ್ಬ ಬಂದ. ಮಾಡಿನಲ್ಲಿ ಸಿಕ್ಕ ಕೊಂಬೆಯನ್ನು ತುಂಡು ಮಾಡಿ ತೆಗೆದು, ಹೊಸ ತಗಡು ಹೊದಿಸಬೇಕಿತ್ತು. ನಾನು ಗರಗಸ ಹೊತ್ತು ತಂದು, "ಕ್ಷಣದಲ್ಲಿ ತುಂಡು ಮಾಡಿಕೊಡುತ್ತೇನೆ," ಎಂದೆ. ಎಳೆದೆ. ಮತ್ತೆ ಎಳೆದೆ. ಎಷ್ಟನೆಯ ಸಲವೋ, ಹಗ್ಗ ಹಿಡಿಕೆಯ ಸಮೇತ ನನ್ನ ಕೈಗೇ ಬಂತು. ಅಷ್ಟರಲ್ಲಿ ಆತ ಕೈಗರಗಸದಿಂದ ಅರ್ಧ ಕೊಂಬೆ ಕೊಯ್ದಾಗಿತ್ತು.

"ತಾಯಿ, ಅದನ್ನು ಕೆಳಗಿಡಿ," ಎಂದ ಆತ ಮರಾಠಿಯಲ್ಲಿ, ತುಂಬಾ ಮರ್ಯಾದೆಯಿಂದ. "ಈ ಏಣಿ ಸ್ವಲ್ಪ ಹಿಡಿದುಕೊಳ್ಳಿ."

ಹಿಡಿದುಕೊಂಡೆ. ಅಲುಗಾಡದೆ, ಎರಡೂ ಕೈಯಿಂದ, ಮುಕ್ಕಾಲು ಗಂಟೆ.

ಹೋಗುವಾಗ ಆತ ಅತ್ತೆಯವರಿಗೆ ಹೇಳಿ ಹೋದನಂತೆ: "ನಿಮ್ಮ ಸೊಸೆ ಏಣಿ ಬಹಳ ಚೆನ್ನಾಗಿ ಹಿಡಿಯುತ್ತಾರೆ. ಕಲಿಸಿದರೆ ಮುಂದೆ ಬರುತ್ತಾರೆ."