ಹಗಲು ಹೊತ್ತಿನ ಬಾಲಾಪರಾಧಿ

ಬಾಲಾಪರಾಧಿಗಳಿಲ್ಲದೆ ಬಾಲಾಪರಾಧದ ಸಂಶೋಧನೆ ನಡೆಸುವುದು ಕಷ್ಟ. ಅಪರಾಧಶಾಸ್ತ್ರದ ಸಂಶೋಧಕ ಓಬಳೇಶಪ್ಪನವರು ೧೯೭೪ರಲ್ಲಿ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಈ ವಿಷಯ ಅವರ ಗಮನಕ್ಕೆ ಬಂದಿರಲಿಲ್ಲ. ಟೆಂಟ್ ಸಿನಿಮಾ ನೋಡಿ ಮಕ್ಕಳು ಕೆಡುತ್ತಾರೆಂಬ, ತಮ್ಮ ಪ್ರಬಂಧದ ಕೊನೆಯ ಅಧ್ಯಾಯವನ್ನು ಕಾಲ ಉಳಿತಾಯದ ದೃಷ್ಟಿಯಿಂದ ಅವರು ಮೊದಲೇ ಬರೆದು ಮುಗಿಸಿದ್ದರು. ಇನ್ನು ಬೇಕಿದ್ದದ್ದು ಮಕ್ಕಳು ಮಾತ್ರ.

ಹಿರಿಯೂರಿನಲ್ಲಿ ಸಿಗಲಿಲ್ಲ. ಹೊಳಲ್ಕೆರೆಯಲ್ಲಿ ಚಹಾ ಸಿಕ್ಕಿತು. ಹೊಸದುರ್ಗ ಠಾಣೆಯ ದಫೇದಾರ್ ಬೋರಣ್ಣ ಮಾತ್ರ ಕೈಲಾದಷ್ಟು ಸಹಕರಿಸಿದ.

"ಹುಡುಗ್ರು ಯಾರೂ ಇಲ್ರಿ. ಅರವತ್ತು ದಾಟಿದೋರು ಇಬ್ರು ಅದಾರೆ. ಬುದ್ಧಿ ಹುಡುಗ್ರುದ್ದೇ. ನಡೀತೈತೇನ್ರಿ?"

ಕಡೆಗೆ ಚಿತ್ರದುರ್ಗದ್ದೇ ಒಂದು ಮಕ್ಕಳ ಸುಧಾರಣಾ ಮಂದಿರದಲ್ಲಿ ಒಬ್ಬಳು ಸಿಕ್ಕಳು. ಹತ್ತು ವರ್ಷದ ನಸೀಬಾ. ಜೋಗಿಮಟ್ಟಿ ಕಾಡಿನ ಬೇಲಿ ದಾಟಿ ಸೀತಾಫಲ ಕಿತ್ತಿದ್ದಳು. ಸುಧಾರಿಸಿದ್ದಾಳೆಂದು ತಜ್ಞರು ಬರೆದುಕೊಟ್ಟ ಕೂಡಲೇ ಬಿಡತಕ್ಕದ್ದೆಂದು ಆದೇಶವಿತ್ತು. ತಜ್ಞರೇ ಬಾರದ ಕಾರಣ ಮಗು ವರ್ಷದಿಂದ ಅಲ್ಲೇ ಇತ್ತು.

ಅವಳ ತಾಯಿ ನೂರುನ್ನೀಸಾ ಓಬಳೇಶಪ್ಪನವರನ್ನು ಗೇಟಿನಲ್ಲೇ ಹಿಡಿದಳು. "ತಜ್ಞರು ಅಂದ್ರೆ ನೀವೇ ಅಂತಲ್ಲ. ಒಂದು ಮಾತು ಬರ್ಕೊಡ್ರಿ ಸಾಮಿ. ಅದು ಪಕ್ಕದಾಗೆ ಇಲ್ದೆ ನಂಗೆ ನಿದ್ದೆ ಬರಂಗಿಲ್ಲ."

ತಮ್ಮನ್ನು ಒಬ್ಬರು ತಜ್ಞರೆಂದು ಕರೆದದ್ದು ಅದೇ ಮೊದಲಾದ್ದರಿಂದ ಅವರ ಕಣ್ಣು ತೇವವಾಯಿತು. ಆದರೂ ಶಾಸ್ತ್ರ ಶಾಸ್ತ್ರವೇ.

"ಎಷ್ಟು ಸಿನಿಮಾ ನೋಡಿದ್ದೀಯ?" ಎಂದು ಮಗುವನ್ನು ಕೇಳಿದರು.

"ಒಂದೂ ನೋಡಿಲ್ಲ."

ಇದರಿಂದ ಕೊನೆಯ ಅಧ್ಯಾಯಕ್ಕೆ ಧಕ್ಕೆಯಾಗುತ್ತಿತ್ತು. ಆದಕಾರಣ ಸಂಶೋಧನೆಯ ಹಿತದೃಷ್ಟಿಯಿಂದ ಮಗುವನ್ನು ಸರ್ಕಾರಿ ಖರ್ಚಿನಲ್ಲಿ ಟೆಂಟಿಗೆ ಕರೆದೊಯ್ಯಲಾಯಿತು. ನಸೀಬಾ ಮೊದಲ ಹಾಡಿಗೇ ನಿದ್ದೆ ಹೋದಳು. ಓಬಳೇಶಪ್ಪನವರು ಕೊನೆಯವರೆಗೂ ನೋಡಿ, ತಾಯಿ ಮಗ ಅಗಲುವ ಕಡೆ ಅತ್ತರು.

"ಸಿನಿಮಾ ನೋಡಿದ ಮೇಲೆ ಕದೀಬೇಕು ಅನ್ನಿಸ್ತಾ?"

"ಇಲ್ಲ. ಅಮ್ಮನ ಹತ್ರ ಹೋಗ್ಬೇಕು ಅನ್ನಿಸ್ತು."

ಅವರಿಗೆ ನಾಚಿಕೆಯಾಯಿತು. ಅಧ್ಯಾಯವನ್ನು ಹರಿದುಹಾಕುವಷ್ಟಲ್ಲ, ಆದರೂ ಸಾಕಷ್ಟು. ನಸೀಬಾ ಪೂರ್ಣವಾಗಿ ಸುಧಾರಿಸಿದ್ದಾಳೆಂದು ಬರೆದು, ಮಂದಿರದ ಮೇಲ್ವಿಚಾರಕಿ ಅನ್ನಪೂರ್ಣಮ್ಮನವರ ಮುಂದಿಟ್ಟರು.

"ಬಾಳ ಸಂತೋಷ, ಕುಂತ್ಕಳ್ರಿ," ಎಂದರು ಆಕೆ. "ಇವ್ಳು ಹೋದ್ರೆ ಮಂದಿರಕ್ಕೆ ಬೀಗ. ಅಡಿಗೆಯೋರು, ಕಾವಲುಗಾರ, ನಾನು, ಎಲ್ರೂ ಮನೆಗೆ. ನೀವೂ ಹೊಂಡ್ರಿ. ಮಕ್ಕಳಿಲ್ದ ಮಂದಿರದಾಗೆ ಏನು ಸಂಶೋಧನೆ ಮಾಡ್ತೀರಿ?"

ಸುಧಾರಣೆಯಲ್ಲಿ ಇಷ್ಟೊಂದು ಅಪಾಯವಿದೆಯೆಂದು ಅವರು ಓದಿದ ಯಾವ ಗ್ರಂಥವೂ ತಿಳಿಸಿರಲಿಲ್ಲ. ಕೂತು ಯೋಚಿಸಿ, ಇಬ್ಬರೂ ಒಂದು ನಿಯಮ ರಚಿಸಿದರು:

'ಸುಧಾರಿಸಿದ ಬಾಲಾಪರಾಧಿಯು ರಾತ್ರಿ ಸ್ವಗೃಹದಲ್ಲಿದ್ದು, ಕಚೇರಿಯ ವೇಳೆಯಲ್ಲಿ ಅಪರಾಧಿಯಾಗಿ ಹಾಜರಿರತಕ್ಕದ್ದು. ಭಾನುವಾರ ಅಪರಾಧಕ್ಕೆ ಬಿಡುವು.'

ನೂರುನ್ನೀಸಾ ಆಕ್ಷೇಪಿಸಲಿಲ್ಲ. "ಮನ್ಯಾಗೆ ಮಲಗ್ತಾಳಲ್ಲ, ಸಾಕು ಬಿಡ್ರಿ."

ಹೀಗೆ ಎಲ್ಲವೂ ಸುಗಮವಾಗಿ ನಡೆಯುತ್ತಿರಲು, ರಂಜಾನ್ ಹಬ್ಬದ ಮಾರನೆಯ ದಿನ ಹೊಸದುರ್ಗದ ಅಜ್ಜಿಯ ಮನೆಗೆ ಹೋಗಲು ನಸೀಬಾ ರಜೆ ಕೇಳಿದಳು. ಅಂದೇ ಬೆಂಗಳೂರಿನಿಂದ ತಪಾಸಣಾಧಿಕಾರಿ ಬರುವವರಿದ್ದರು.

"ಬದಲಿ ಇಲ್ದೆ ರಜಾ ಕೊಡಾಕೆ ಬರಲ್ಲ," ಎಂದರು ಅನ್ನಪೂರ್ಣಮ್ಮ.

ಮಗುವಿನ ಮುಖ ಸಣ್ಣದಾಯಿತು. ಓಬಳೇಶಪ್ಪನವರು ಅದನ್ನು ನೋಡಲಾರದೆ, "ಹೋಗಿ ಬಾರಮ್ಮ" ಎಂದುಬಿಟ್ಟರು. ಅಂದು ಮಂದಿರದ ನೀಲಿ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತರು.

ಅಧಿಕಾರಿ ಬಂದು ಎಣಿಸಿದರು. "ಒಂದು. ಸರಿಯಾಗಿದೆ. ಸ್ವಲ್ಪ ದೊಡ್ಡವನಲ್ಲವೇ?"

"ಸುಧಾರಣೆ ನಿಧಾನ ಸಾರ್," ಎಂದರು ಅನ್ನಪೂರ್ಣಮ್ಮ.

"ಇನ್ನೂ ಎಷ್ಟು ಕಾಲ ಬೇಕಾದೀತು?"

ಓಬಳೇಶಪ್ಪನವರು ಎದ್ದು ಕೈಕಟ್ಟಿ ನಿಂತರು. "ಪ್ರಬಂಧ ಮುಗಿಯೋವರೆಗೆ ಸಾರ್."

ಅಧಿಕಾರಿ ಮೆಚ್ಚಿ ತಲೆದೂಗಿ ಷರಾ ಬರೆದರು: 'ಹುಡುಗನಿಗೆ ಓದಿನಲ್ಲಿ ಆಸಕ್ತಿಯಿದೆ. ಪ್ರೋತ್ಸಾಹಿಸತಕ್ಕದ್ದು.'

ಮುಂದಿನ ವಾರವೇ ಓಬಳೇಶಪ್ಪನವರ ಹೆಸರಿಗೆ ಒಂದು ಸ್ಲೇಟು ಮಂಜೂರಾಗಿ ಬಂತು. ಸಹಿ ಹಾಕಿ ತೆಗೆದುಕೊಂಡರು.