ವೆಲೆನ್ಸಿಯಾದಲ್ಲಿ ಎರಡು ಹಾಸಿಗೆ

ಮಾಕಳಿಯಲ್ಲಿ ಕೊಳಾಯಿ ನೀರು ಬರುವುದು ಎರಡು ದಿನಕ್ಕೊಮ್ಮೆ, ಅದೂ ಮುಕ್ಕಾಲು ಗಂಟೆ. ಭಾನುಪ್ರಕಾಶ ಏಳನೆಯ ಬಿಂದಿಗೆ ಹಿಡಿಯುತ್ತಿದ್ದಾಗ ಝೆರಾಕ್ಸ್ ಅಂಗಡಿಯ ಅಂಜನಮ್ಮ ತೆಂಗಿನಕಾಯಿ ಹಿಡಿದುಕೊಂಡು ಗೇಟಿನೊಳಗೆ ಬಂದಳು.

"ನಿಮ್ಮಪ್ಪಾರು ಎದ್ದವ್ರಾ? ಪಾರಿನ್‌ಗೆ ಓಗೋರು, ಕೈಗೊಂದು ಕಾಯಿ ಕೊಟ್ಟು ಓಗಾನ ಅಂತ ಬಂದೆ."

"ನಮ್ಮಪ್ಪ ಅಲ್ಲ ಅಂಜನಮ್ಮ. ಹೋಗ್ತಿರೋದು ನಾನೂ ನನ್ನ ಹೆಂಡ್ತಿ ಧನಲಕ್ಷ್ಮೀನೂ."

"ಸುಮ್ಕಿರಪ್ಪ! ನೀನು ಕಳ್ಸಿದ್ ಆಳೆ ಪ್ರಿಂಟ್ ತೆಗೆದೋಳು ನಾನು. ಮೊದಲ್ನೇ ಆಸಿಗೆ ಭಾನುಪ್ರಕಾಶ್, ಎರಡ್ನೇದು ಅನುಮಯ್ಯ. ನಿನ್ನೆ ಸಂಜೆನೇ ನಿಮ್ಮಪ್ಪಂಗೆ ಓದಿ ಯೋಳ್ದೆ. ಕಣ್ಣಲ್ಲಿ ನೀರು ತಕ್ಕೊಂಡ್ರು, ಪುಣ್ಯಾತ್ಮ!"

ಬಿಂದಿಗೆ ತುಂಬಿ ಭಾನುಪ್ರಕಾಶನ ಕಾಲ ಮೇಲೆ ಹರಿಯಿತು. ಅವನಿಗೆ ಗೊತ್ತಾಗಲಿಲ್ಲ.

ತುಮಕೂರು ರಸ್ತೆಯಲ್ಲಿ ಅವನದೊಂದು ಟೈಲ್ಸ್ ಅಂಗಡಿ. ಆ ವರ್ಷ ಹೆಚ್ಚು ಮಾರಿದ್ದಕ್ಕೆ ಕಂಪನಿಯವರು ಸ್ಪೇನಿನ ವೆಲೆನ್ಸಿಯಾಕ್ಕೆ ಇಬ್ಬರಿಗೆ ವಿಮಾನದ ಟಿಕೆಟ್ ಕೊಡುತ್ತೇವೆಂದಿದ್ದರು, ಯಾರ ಹೆಸರಿಗಾದರೂ ಸರಿ. ಉಳಿಯುವ ವ್ಯವಸ್ಥೆ ಅವರವರದು. ಅದಕ್ಕೇ ಅವನು ಪ್ರವಾಸಿಗರಿಗೆ ಹಾಸಿಗೆ ಲೆಕ್ಕದಲ್ಲಿ ಬಾಡಿಗೆ ಕೊಡುವ ಅಗ್ಗದ ಹಾಸ್ಟೆಲ್ ಹುಡುಕಿದ್ದ. ಒಂದೇ ಕೋಣೆಯಲ್ಲಿ ಎಂಟು ಜನ, ಮೇಲೊಂದು ಕೆಳಗೊಂದು ಮಂಚ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಟ್ರಾಮ್ ಹತ್ತಿದರೆ ಸಮುದ್ರ. ಮದುವೆಯಾದ ಹೊಸದರಲ್ಲಿ ಧನಲಕ್ಷ್ಮಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಹನ್ನೊಂದು ವರ್ಷದಲ್ಲಿ ತೋರಿಸಿದ್ದು ಮಾಕಳಿ ಕೆರೆ. ಅವಳು ಆಗಲೇ ಪುಳಿಯೋಗರೆ ಗೊಜ್ಜು ಕುದಿಸಿ ಬಾಟಲಿಗೆ ತುಂಬಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಿದ್ದಳು.

ಎಡವಟ್ಟಾದದ್ದು ಕೈಯ ಅಭ್ಯಾಸದಿಂದ. ಶಾಲೆಗೆ ಸೇರಿದ ದಿನದಿಂದ ರೇಷನ್ ಕಾರ್ಡಿನವರೆಗೆ ಅವನು ತುಂಬಿದ ಅರ್ಜಿಗಳಲ್ಲೆಲ್ಲ ಮೊದಲ ಗೆರೆಗೆ ತನ್ನ ಹೆಸರು, ಎರಡನೆಯದಕ್ಕೆ ತಂದೆಯ ಹೆಸರು. ಹಾಸ್ಟೆಲಿನವರು ಎರಡನೆಯ ಗೆರೆಯಲ್ಲಿ ಕೇಳಿದ್ದು ಜೊತೆಗೆ ಬರುವವರ ಹೆಸರನ್ನು. ಕೈ ಮಾತ್ರ 'ಹನುಮಯ್ಯ' ಎಂದು ಬರೆದು ಮುಂದೆ ಹೋಗಿತ್ತು.

ಆದರೆ ಭಾನುಪ್ರಕಾಶನಿಗೆ ಧೈರ್ಯಕ್ಕೆ ಎಂದೂ ಬರವಿಲ್ಲ. ಸೊಟ್ಟ ಗೋಡೆಯವರಿಗೂ "ಟೈಲ್ಸ್ ಅಂಟಿಸಿದ ಮೇಲೆ ನೆಟ್ಟಗಾಗತ್ತೆ ಸಾರ್" ಎಂದು ಮಾರುವ ಗಂಡು. ಹಾಸ್ಟೆಲ್ಲಿಗೆ ಮೇಲ್ ಹಾಕಿದ. ತಿಂಡಿ ಮುಗಿಯುವಷ್ಟರಲ್ಲಿ ಉತ್ತರವೂ ಬಂತು: ಹೆಸರು ಯಾವಾಗ ಬೇಕಾದರೂ ಬದಲಾಯಿಸಬಹುದು, ಕೋಣೆ ಮಾತ್ರ ಆಗದು, ಇಲ್ಲಿ ಊರ ಹಬ್ಬ, ಊರಲ್ಲೆಲ್ಲೂ ಬೇರೆ ಹಾಸಿಗೆಯೇ ಇಲ್ಲ.

"ನೋಡ್ದಾ ಧನು, ಐದು ನಿಮಿಷದ ಕೆಲಸ! ಕೋಣೆ ಯಾಕ್ ಬದಲಾಯಿಸ್ಬೇಕು? ಗುಲಾಬಿ ಪರದೆ, ಮಂಚಕ್ಕೊಂದು ಕನ್ನಡಿ. ಅದನ್ನ ನೋಡೇ ಅಲ್ವಾ ನಾನು ಆರಿಸಿದ್ದು?"

"ಹೆಸರು ಆಮೇಲೆ ಬದಲಾಯಿಸಿ. ಮೊದಲು ಮಾವಂಗೆ ಹೇಳಿ," ಎಂದಳು ಧನಲಕ್ಷ್ಮಿ.

ಮೂರನೇ ಕ್ಲಾಸಿನ ಮಗಳು ರಾಣಿ ಹಾಸ್ಟೆಲಿನ ಆ ಪ್ರಿಂಟ್ ಹಾಳೆಯನ್ನು ನೆಲದ ಮೇಲೆ ಹರಡಿಕೊಂಡು ಫೋಟೋ ನೋಡುತ್ತಿದ್ದಳು. "ಅಪ್ಪಾ, ಇಲ್ಲೊಂದು..."

"ಆಮೇಲೆ ಚಿನ್ನಾ. ಅಪ್ಪಂಗೆ ದೊಡ್ಡ ಕೆಲಸ ಇದೆ."

ಹನುಮಯ್ಯ ಹಜಾರದಲ್ಲಿ ಹೊಸ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಮೊಟ್ಟೆಯ ಮೇಲೆ ಕಾಲಿಡುವವರಂತೆ ನಡೆದು ನೋಡುತ್ತಿದ್ದರು.

"ಅಪ್ಪಾ, ಒಂದ್ ವಿಷಯ..."

"ಬಾ ಮಗಾ. ಮ್ಯಾಗಿನ್ ಮಂಚ ನಿಂಗೆ, ಕೆಳಗಿಂದು ನಂಗೆ. ಪಂಚಾಯ್ತಿ ಮುನಿಯಣ್ಣಂಗೂ ಯೋಳಿವ್ನಿ. ಎಲ್ಲಾರ್ ಮಕ್ಳೂ ಎಂಡ್ತೀನ ಕರ್ಕೊಂಡು ಓಯ್ತವೆ, ನನ್ ಮಗ ಅಪ್ಪನ್ ಕರ್ಕೊಂಡು ಓಯ್ತವ್ನೆ ಅಂದೆ. ಅವ್ನು ಬಿಟ್ಟ ಬಾಯಿ ಮುಚ್ಚಲಿಲ್ಲ! ಏನೋ ವಿಷ್ಯ ಅಂದ್ಯಲ್ಲ?"

"ಶೂ ಕಚ್ತಾ ಇದ್ಯಾ ಅಂತ ಕೇಳೋಣ ಅಂತ ಬಂದೆ," ಎಂದ ಭಾನುಪ್ರಕಾಶ.

ಅಡುಗೆಮನೆಯಿಂದ ತಾಯಿ ಸುಬ್ಬಲಕ್ಷ್ಮಮ್ಮನ ದನಿ ಬಂತು. "ಓಗ್ಲಿ ಬಿಡಪ್ಪ. ಮುಕ್ತಿನಾಥಕ್ಕೆ ಅಂತ ಇಬ್ರಿಗೂ ಪಾಸ್‌ಪೋರ್ಟ್ ಮಾಡ್ಸಿ, ತಮಗೆ ಸೊಂಟ ಇಡ್ಕೊಂತು ಅಂತ ನನ್ನೂ ಮನೇಲಿ ಕೂರ್ಸಿದ್ರು. ಪಾರಿನ್ ಅಂದಿದ್ದೇ ತಡ, ಸೊಂಟ ನೆಟ್ಟಗಾಗೋಯ್ತು!"

ಎರಡನೆಯ ಸಲ ಹೇಳಲು ಹೋದಾಗ ಮನೆಯ ಹಿಂಬದಿಯ ಬಾಡಿಗೆ ರೂಮಿನ ಮಲಕವ್ವ ಮಧ್ಯೆ ನಿಂತಿದ್ದಳು. "ಯಜಮಾನ್ರ, ಇಪ್ಪತ್ತು ಖಡಕ್ ರೊಟ್ಟಿ ಕಟ್ಟೇನ್ರಿ. ತಿಂಗಳಿಟ್ರೂ ಕೆಡಂಗಿಲ್ಲ." ಆಮೇಲೆ ಭಾನುಪ್ರಕಾಶನ ಕಡೆ ತಿರುಗಿ, "ಮಗಾ ಅಂದ್ರ ಹಿಂಗಿರ್ಬೇಕ್ ನೋಡ್ರಿ! ನಮ್ಮಂವ ಅಪ್ಪನ್ನ ಇಲ್ಲೇ ಇರೋ ಗೊರಗುಂಟೆಪಾಳ್ಯಕ್ಕೂ ಕರಕೊಂಡ್ ಹೋಗವಲ್ಲ," ಎಂದಳು. ಭಾನುಪ್ರಕಾಶ ರೊಟ್ಟಿಯ ಗಂಟು ಹಿಡಿದುಕೊಂಡು ವಾಪಸು ಬಂದ.

ಮೂರನೆಯ ಸಲ ಹೇಳುವ ಪ್ರಶ್ನೆಯೇ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏರಿಬಿಟ್ಟಿತ್ತು.

ಹತ್ತಡಿ ಎತ್ತರದ ಹನುಮಯ್ಯ ಯಾರದೋ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದರು. ಹಿಂದೆ ಒಂದು ವಿಮಾನ, ಯಾವ ದೇಶದ್ದೋ ಒಂದು ಗೋಪುರ. 'ಯೂರೋಪ್ ಪ್ರವಾಸಕ್ಕೆ ತೆರಳುತ್ತಿರುವ ಮಾಕಳಿಯ ಹೆಮ್ಮೆಯ ಹಿರಿಯರಿಗೆ ಹಾರ್ದಿಕ ಶುಭಾಶಯಗಳು.' ಕೆಳಗೆ ಶುಭ ಕೋರುವವರ ಸಾಲಿನಲ್ಲಿ, ಮುನಿಯಣ್ಣನ ಭಾಮೈದನ ಪಕ್ಕ, ಅಂಚೆಚೀಟಿಯಷ್ಟು ಭಾನುಪ್ರಕಾಶ. ಆ ಊರಿನಲ್ಲಿ ಲಗ್ನಪತ್ರಿಕೆ ಹಂಚಿದ ಮೇಲೆ ಮದುವೆ ನಿಂತದ್ದುಂಟು. ಫ್ಲೆಕ್ಸ್ ಏರಿದ ಮೇಲೆ ಕಾರ್ಯ ನಿಂತದ್ದಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ನಿಂತ. "ಧನು, ನಾನು..."

"ನೋಡ್ಕೊಂಡು ಬಂದೆ," ಎಂದಳು ಅವಳು, ಕೈಯನ್ನು ಸೆರಗಿಗೆ ಒರೆಸುತ್ತ. "ಬಿಡಿ. ಸಮುದ್ರ ಎಲ್ಲಿಗೆ ಓಡಿಹೋಗತ್ತೆ? ಮಾವಂಗೆ ವಯಸ್ಸಾಗ್ತಿದೆ." ತನ್ನ ಬ್ಯಾಗಿನಿಂದ ಗೊಜ್ಜಿನ ಬಾಟಲಿ ತೆಗೆದು ಅವನ ಬ್ಯಾಗಿಗೆ ಹಾಕಿದಳು. ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದಳು. ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ವಾಸಿಯಿತ್ತು.

ಅದನ್ನು ನೋಡುತ್ತಿದ್ದ ರಾಣಿ ಅಮ್ಮನ ಸೆರಗು ಹಿಡಿದಳು. "ಅಮ್ಮಾ, ಈ ಹಾಳೇಲಿ..."

"ಜಡೆ ಹಾಕ್ತೀನಿ ಬಾ ಕಂದಾ. ಸಂಜೆ ತಾತಂಗೆ ಸನ್ಮಾನ ಇದೆ. ಅಲ್ಲಿಗೆ ಹೋಗ್ಬೇಕು."

ಐದು ಗಂಟೆಗೆ ಫ್ಲೆಕ್ಸ್ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಮೈಕು, ಜನ. ಮುನಿಯಣ್ಣ ಹನುಮಯ್ಯನವರಿಗೆ ಪೇಟ ತೊಡಿಸಿದ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಸೇರಿ ಹನುಮಯ್ಯನವರ ಮೂಗಷ್ಟೇ ಕಾಣುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಭಾನುಪ್ರಕಾಶನ ಫೋನ್ ಬಡಿದುಕೊಂಡಿತು. ಕಂಪನಿಯ ಟ್ರಾವೆಲ್ ಏಜೆಂಟ್.

"ಸಾರ್, ಟಿಕೆಟ್ ಮಾಡ್ತಾ ಇದೀನಿ. ಹಾಸ್ಟೆಲ್ ಚೀಟಿಲಿ ಏನಿರತ್ತೋ ಅದೇ ಹೆಸರು ಕೊಡಿ. ಒಂದ್ಸಲ ಹೇಳಿದ್ರೆ ಮುಗೀತು, ಆಮೇಲೆ ಚೇಂಜ್ ಇಲ್ಲ."

"ಸ್ಪೀಕರಿಗಾಕಪ್ಪ!" ಎಂದು ಮುನಿಯಣ್ಣ ಫೋನನ್ನು ಮೈಕಿಗೆ ಹಿಡಿಸಿದ. "ಎಲ್ಲಾರ್ಗೂ ಕೇಳೋ ಅಂಗೆ ಯೋಳು. ಊರಿಗೇ ಗೌರವ!"

ಭಾನುಪ್ರಕಾಶ ಎದೆ ಉಬ್ಬಿಸಿದ. ಹೆಂಡತಿಯ ಕಡೆ ಒಮ್ಮೆ ನೋಡಿದ. ಅವಳು ನಗುತ್ತಲೇ ತಲೆಯಾಡಿಸಿ, ಹೇಳಿ ಎಂದು ಸನ್ನೆ ಮಾಡಿದಳು. ಹಾಸ್ಟೆಲಿನ ಹಾಳೆ ಎಲ್ಲಿ? ರಾಣಿಯ ಕೈಯಲ್ಲಿತ್ತು. "ಕೊಡು ಪುಟ್ಟಾ," ಎಂದು ಬಗ್ಗಿ ಕೈ ಚಾಚಿದ.

ರಾಣಿ ಕೊಡಲಿಲ್ಲ. ಬೆಳಗಿನಿಂದ ಇಷ್ಟು ಹತ್ತಿರ ಅಪ್ಪನ ಕಿವಿ ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಪಕ್ಕದಲ್ಲಿ ಮೈಕೂ ಇತ್ತು.

"ಅಪ್ಪಾ, ಗುಲಾಬಿ ಪರದೆ ಫೋಟೋ ಕೆಳಗೆ, ನಮ್ ಸ್ಕೂಲ್ ಟಾಯ್ಲೆಟ್ ಬಾಗಿಲ ಮೇಲಿರೋ ಲಂಗದ ಗೊಂಬೆನೇ ಇದೆ. 'ಲೇಡೀಸ್ ಓನ್ಲಿ' ಅಂತಾನೂ ಬರ್ದಿದೆ. ಹಾಗಾದ್ರೆ ಹೋಗೋದು ಅಮ್ಮನೂ ಅಜ್ಜಿನೂ ಅಲ್ವಾ?"